ಮೊದಲ ಹಿಮದ ಇಳಿಜಾರಿನಲ್ಲಿ ಒಂದು ದಿನ

ಚಳಿಗಾಲದ ಮೊದಲ ದೊಡ್ಡ ಹಿಮ ಬಿದ್ದ ಮರುದಿನವೂ ಬಿಸಿಲು ಬೀಳುವ ಮೈಯಲ್ಲಿ ಕಲ್ಲು, ಒಣಹುಲ್ಲು ಇಣುಕುತ್ತಲೇ ಇರುತ್ತವೆ. ಸ್ಕೀ ಮಾಡುವಷ್ಟು ಹಿಮ ಸಿಗುವುದು ಎತ್ತರದ ನೆರಳಿನ ಇಳಿಜಾರುಗಳಲ್ಲಿ, ಗಾಳಿ ಹೊತ್ತು ತಂದು ಸುರಿದ ತಗ್ಗುಗಳಲ್ಲಿ. ಎಲ್ಲರ ಕಾಲೂ ಅತ್ತಲೇ ಹೊರಡುತ್ತದೆ. ಹಿಮಕುಸಿತದ ಅಪಾಯ ಹೆಚ್ಚಿರುವುದೂ ಅಲ್ಲೇ.

ವಾರಗಳ ಹಿಂದೆ ಬಿದ್ದ ಹಿಮ ಬಿಸಿಲಿಗೆ ಕರಗಿದ್ದರೂ ನೆರಳಿನಲ್ಲಿ ಉಳಿದಿರುತ್ತದೆ. ಅದರಡಿಯ ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿದ್ದು, ರಾತ್ರಿ ಮೇಲ್ಮೈ ಮೈನಸ್ 15ಕ್ಕೆ ಇಳಿಯಿತು ಎನ್ನಿ. ಪದರ 40 ಸೆಂ.ಮೀ. ಮಾತ್ರ ಇದ್ದರೆ ಪ್ರತಿ 10 ಸೆಂ.ಮೀ.ಗೆ ನಾಲ್ಕು ಡಿಗ್ರಿಯಷ್ಟು ವ್ಯತ್ಯಾಸ. ಒಂದು ಡಿಗ್ರಿ ದಾಟಿದರೇ ಸಾಕು, ಒಳಗಿನ ನೀರಾವಿ ಮೇಲೇರುತ್ತಾ ಹರಳುಗಳನ್ನು ಕೋನಕೋನವಾಗಿ ಬೆಳೆಸುತ್ತದೆ. ಅವು ಒಂದಕ್ಕೊಂದು ಅಂಟುವುದಿಲ್ಲ. ಹಿಮ ತೆಳುವಾದಷ್ಟೂ ತಳ ದುರ್ಬಲ. ಹೊಸ ಹಿಮದ ಭಾರ ಬಂದು ಕೂರುವುದು ಇಂಥ ತಳದ ಮೇಲೆಯೇ.

ಇದನ್ನು ಕೈಯಾರೆ ನೋಡಬಹುದು. ಮೇಲೆ ಕುಸಿಯುವಂಥದ್ದೇನೂ ಇಲ್ಲದ, ನೀವು ಇಳಿಯಬೇಕೆಂದಿರುವ ದಿಕ್ಕಿಗೇ ಮುಖ ಮಾಡಿದ ಪುಟ್ಟ ಇಳಿಜಾರಿನಲ್ಲಿ ನೆಲದವರೆಗೆ ಗುಂಡಿ ತೋಡಿ. ತಳದ ಹಿಮವನ್ನು ಗ್ಲೌಸಿನಲ್ಲಿ ಹಿಡಿದು ಅದುಮಿದರೆ ಉಂಡೆ ಕಟ್ಟುವುದಿಲ್ಲ, ಸಕ್ಕರೆಯಂತೆ ಬೆರಳ ಸಂದಿಯಿಂದ ಸುರಿದುಹೋಗುತ್ತದೆ. ಬಳಿಕ ಗುಂಡಿಯ ಮೇಲ್ಬದಿಯ ಗೋಡೆಯಲ್ಲಿ ಇಳಿಜಾರಿಗೆ ಅಡ್ಡಲಾಗಿ 90 ಸೆಂ.ಮೀ. ಅಗಲ, ಹಿಂದಕ್ಕೆ 30 ಸೆಂ.ಮೀ. ಇರುವ ಹಿಮದ ಕಂಬವನ್ನು ಹಿಂಬದಿಯೂ ಬಿಡಿಯಾಗುವಂತೆ ಕತ್ತರಿಸಿ, ಒಂದು ತುದಿಯಲ್ಲಿ ಸಲಿಕೆಯ ಅಲಗು ಇಟ್ಟು ತಟ್ಟಬೇಕು: ಮಣಿಕಟ್ಟಿನಿಂದ 10, ಮೊಣಕೈಯಿಂದ 10, ಭುಜದಿಂದ 10 ಪೆಟ್ಟು. ಬಿರುಕು ಕಂಬದ ಅಗಲಕ್ಕೂ ಸರ್‍ರನೆ ಓಡಿದರೆ ಆ ಇಳಿಜಾರು ಬೇಡ. ಓಡದಿದ್ದರೆ ಅದೇ ಪರವಾನಗಿಯಲ್ಲ. ನಾಲ್ಕು ಹೆಜ್ಜೆ ಆಚೆ ಪದರ ಬೇರೆಯೇ ಇರಬಹುದು. ಕಾಲಡಿ 'ಧುಪ್' ಎಂದು ಹಿಮ ಕೂತ ಸದ್ದು ಕೇಳಿದರೆ, ಸ್ಕೀ ತುದಿಯಿಂದ ಬಿರುಕು ಹೊರಟರೆ ಗುಂಡಿಯ ಅಗತ್ಯವೂ ಇಲ್ಲ, ಉತ್ತರ ಸಿಕ್ಕಾಯಿತು.

ಹಲಗೆಯಂತೆ ಒಡೆದು ಜಾರುವ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನವು. ಅಂಥ ದಿನ 30ರ ಕೆಳಗಿರುವುದೇ ಸರಿ. ಆದರೆ ನಿಂತ ಜಾಗವಷ್ಟೇ ಅಲ್ಲ, ತಲೆಯ ಮೇಲಿರುವುದನ್ನೂ ಅಳೆಯಿರಿ: ತಳ ದುರ್ಬಲವಾಗಿದ್ದರೆ ಕೆಳಗೆ ಇಟ್ಟ ಹೆಜ್ಜೆಗೆ ಮೇಲಿನ ಕಡಿದಾದ ಹಿಮ ಕಳಚಿಕೊಳ್ಳಬಹುದು. ಕಲ್ಲಿನ ಸುತ್ತ ಪದರ ತೆಳುವಾಗುವ ಕಡೆ ಇದು ಇನ್ನೂ ಸುಲಭ. ಹಿಮ ಕಡಿಮೆ ಇದೆಯಲ್ಲ, ಬಿದ್ದರೂ ಚಿಕ್ಕದೇ ಎನ್ನುವ ಮಾತಿಗೆ ಕಿವಿಗೊಡಬೇಡಿ. ಚಿಕ್ಕ ಕುಸಿತವೂ ಬಂಡೆ, ಮರದ ಬೊಡ್ಡೆಗಳ ಮೇಲೆ ಎಳೆದೊಯ್ದು ಮೂಳೆ ಮುರಿಯುತ್ತದೆ; ಕೊರಕಲಿಗೆ ತಳ್ಳಿದರೆ ಆಳಕ್ಕೆ ಹೂಳುತ್ತದೆ.

ಇಳಿಯುವಾಗ ಒಬ್ಬೊಬ್ಬರೇ, ಉಳಿದವರು ಕುಸಿತ ಮುಟ್ಟದ ಜಾಗದಲ್ಲಿ ಕಣ್ಣಿಟ್ಟು ನಿಲ್ಲಬೇಕು. ಬೀಕನ್ (ಹೂತವರ ಜಾಗ ಹುಡುಕಲು ಮೈಗೆ ಕಟ್ಟಿಕೊಳ್ಳುವ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕುವ ಉದ್ದನೆಯ ಕೋಲು), ಸಲಿಕೆ ಪ್ರತಿಯೊಬ್ಬರ ಬಳಿಯೂ ಇರಲಿ. ಫೋನ್ ಬೀಕನ್‌ನಿಂದ ಕನಿಷ್ಠ 20 ಸೆಂ.ಮೀ., ಹುಡುಕುವಾಗ 50 ಸೆಂ.ಮೀ. ದೂರವಿರಬೇಕು. ಹೂತವರನ್ನು ಹತ್ತು ನಿಮಿಷದೊಳಗೆ ತೆಗೆದರೆ ಬದುಕುವ ಸಾಧ್ಯತೆ ಹೆಚ್ಚು, ಆಮೇಲೆ ಅದು ಕಡಿದಾಗಿ ಕುಸಿಯುತ್ತದೆ. ಹಾಗಾಗಿ ಬೀಕನ್ ಹುಡುಕಾಟದ ಜೊತೆ ಅಗೆಯುವುದನ್ನೂ ಹಿಮ ಬೀಳುವ ಮೊದಲೇ ಅಭ್ಯಾಸ ಮಾಡಿ. ಪ್ರೋಬ್ ತಗುಲಿದ ಜಾಗದ ನೇರ ಮೇಲಿನಿಂದಲ್ಲ, ಇಳಿಜಾರಿನ ಕೆಳಬದಿಯಿಂದ ಒಳನುಗ್ಗಬೇಕು.