ಲಕೋಟೆಯಲ್ಲಿ ಬಂದ ಚಪ್ಪಟೆ ಪೆನ್ನಿ

ಬಳ್ಳಾರಿಯಲ್ಲಿ ನನ್ನದೊಂದು ಸ್ಕ್ರೀನ್ ಪ್ರಿಂಟಿಂಗ್ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಜೀನ್ಸ್ ಹೊಲಿಯುವವರಿಗೆ ಟ್ಯಾಗು, ಇವೇ ಕೆಲಸ. ಪ್ರೂಫ್ ನೋಡುವಾಗ ಮಾತಿರುವ ಹಾಡು ಹಾಕಿದರೆ ಮನಸ್ಸು ಅಕ್ಷರ ಬಿಟ್ಟು ಹಾಡಿನ ಹಿಂದೆ ಹೋಗುತ್ತದೆ. ಅದಕ್ಕೇ ಮೆಲ್ಲಗೆ ಕೋಣೆ ತುಂಬುವ ಆಂಬಿಯೆಂಟ್ ಸಂಗೀತ ಕೇಳುವ ರೂಢಿ ಆಯಿತು. ಹಾಗೆ ಕೇಳುತ್ತಾ ಕೇಳುತ್ತಾ ಕೆನಡಾದ ಮಾಂಟ್ರಿಯಲ್ ಊರಿನ ಒಂದು ತಂಡ ಸಿಕ್ಕಿತು. ಹೆಸರು ಗಾಡ್‌ಸ್ಪೀಡ್ ಯೂ! ಬ್ಲ್ಯಾಕ್ ಎಂಪರರ್. ಹೊರದೇಶದಲ್ಲಿ ಇವರನ್ನು ಬಲ್ಲವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಮಾತ್ರ ನಾನು ಕೇಳಿದವರಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ಇವರ ಮೊದಲ ಎಲ್‌ಪಿ, ಅಂದರೆ ಮುಳ್ಳಿಟ್ಟು ಕೇಳುವ ದೊಡ್ಡ ಪ್ಲೇಟು, ಬಂದದ್ದು 1997ರಲ್ಲಿ. ಎಫ್ ಶಾರ್ಪ್, ಎ ಶಾರ್ಪ್ ಅಂತ ಎರಡು ಸ್ವರ, ಪಕ್ಕದಲ್ಲಿ ಕೊನೆಯಿಲ್ಲದ್ದನ್ನು ತೋರಿಸುವ ಇನ್ಫಿನಿಟಿ ಚಿಹ್ನೆ. ಅಷ್ಟೇ ಅದರ ಹೆಸರು. ಅದನ್ನು ತಂದದ್ದು ಅದೇ ಊರಿನ ಕಾನ್‌ಸ್ಟೆಲೇಶನ್ ಎನ್ನುವ ಪುಟ್ಟ ಕಂಪನಿ. ಮೊದಲಿಗೆ ಕೆಲವು ನೂರು ಪ್ರತಿ ಮಾತ್ರ ಮಾಡಿದರು, ಕವರು ಕೈಯಲ್ಲೇ ಜೋಡಿಸಿದರು. ಮರುವರ್ಷ ಷಿಕಾಗೋದ ಕ್ರ್ಯಾಂಕಿ ಕಂಪನಿ ಸೀಡಿ ತಂದಾಗ ಸಂಗೀತವನ್ನೇ ಬದಲಿಸಿ ಒಂದು ಗಂಟೆ ದಾಟುವಷ್ಟು ಬೆಳೆಸಿದರು. ಎಲ್‌ಪಿ ನಲವತ್ತು ನಿಮಿಷವೂ ಇಲ್ಲ. ನನ್ನ ಓಟು ಎಲ್‌ಪಿಗೇ.

ಆ ಎಲ್‌ಪಿ ಜೊತೆ ಒಂದು ಲಕೋಟೆ ಬರುತ್ತದೆ. ಲಕೋಟೆಯಲ್ಲಿ ಕೆನಡಾದ ಒಂದು ಸೆಂಟಿನ ನಾಣ್ಯ ಇರುತ್ತದೆ. ಅವರು ಅದನ್ನು ಪೆನ್ನಿ ಅನ್ನುತ್ತಾರೆ. ಹಳಿಯ ಮೇಲಿಟ್ಟು, ರೈಲು ಹಾಯಿಸಿ ಚಪ್ಪಟೆ ಮಾಡಿದ ಪೆನ್ನಿ ಅದು.

ಇದನ್ನು ಓದಿದ ಮೇಲೆ ನನಗೆ ಸುಮ್ನೆ ಇರಲಾಗಲಿಲ್ಲ. ನಮ್ಮ ಕಡೆ ಅದಿರಿನ ಗೂಡ್ಸ್ ಗಾಡಿ ನೋಡದೆ ಬೆಳೆದ ಹುಡುಗರು ಯಾರಿದ್ದಾರೆ? ಹಳಿ ಮೇಲೆ ಹತ್ತು ಪೈಸೆ ಇಟ್ಟು, ದೂರ ಓಡಿ ನಿಂತು, ಗಾಡಿ ಹೋದ ಮೇಲೆ ಜಲ್ಲಿಯಲ್ಲಿ ಹುಡುಕುತ್ತಿದ್ದೆವು. (ಈಗಿನ ಮಕ್ಕಳು ಖಂಡಿತ ಹೀಗೆ ಮಾಡಬಾರದು. ಹಳಿ ಹತ್ತಿರ ಹೋಗುವುದೇ ಅಪಾಯ.) ಜಗತ್ತಿನ ಇನ್ನೊಂದು ತುದಿಯಲ್ಲಿ, ರೈಲು ಹಾದಿಯ ಪಕ್ಕ ಸಂಗೀತ ಮಾಡುತ್ತಿದ್ದವರು ಅದೇ ಕೆಲಸ ಮಾಡಿ, ಆ ನಾಣ್ಯವನ್ನು ಕೇಳುಗರ ಕೈಗೆ ಕೊಟ್ಟಿದ್ದಾರೆ!

ಕೆನಡಾದಲ್ಲಿ ಕೆಲಸಕ್ಕಿರುವ ನನ್ನ ತಮ್ಮ ಕಳೆದ ಸಲ ಊರಿಗೆ ಬಂದಾಗ ಒಂದು ಪ್ರತಿ ತಂದುಕೊಟ್ಟ. ಮೊದಲ ಸಲದ್ದಲ್ಲ, ಆಮೇಲೆ ಅಚ್ಚಾದದ್ದು. ಆದರೂ ಲಕೋಟೆ ಇದೆ, ಪೆನ್ನಿ ಇದೆ. ನಾಣ್ಯ ಉದ್ದಕ್ಕೆ ಹಿಗ್ಗಿ ಮೊಟ್ಟೆಯ ಆಕಾರಕ್ಕೆ ಬಂದಿದೆ. ರಾಣಿ ಎಲಿಜಬೆತ್ ಮುಖ ಪೂರ್ತಿ ಅಳಿಸಿದೆ. ಹಿಂದೆ ಮೇಪಲ್ ಎಲೆಯ ಗೆರೆ ಮಾತ್ರ ಬೆಳಕಿಗೆ ಓರೆ ಹಿಡಿದರೆ ಕಾಣುತ್ತದೆ. ಅಂಚು ಎಷ್ಟು ತೆಳು ಎಂದರೆ ಬೆರಳು ಕೊಯ್ಯಬಹುದು. ಕೆನಡಾ 2012ರಲ್ಲಿ ಪೆನ್ನಿ ಟಂಕಿಸುವುದನ್ನೇ ನಿಲ್ಲಿಸಿತು. ಹಾಗಾಗಿ ಇದು ಈಗ ಅಲ್ಲಿಯೂ ಕೈಯಿಂದ ಕೈಗೆ ಓಡಾಡದ ನಾಣ್ಯ.

ನಮ್ಮ ಕಸುಬಿನವರ ಕಣ್ಣು ಬೇರೆ ಕಡೆಗೂ ಹೋಗುತ್ತದೆ. ಮೊದಲ ಪ್ರತಿಗಳಲ್ಲಿ ಕವರಿನ ಮೇಲೆ ಫೋಟೋವನ್ನು ಕೈಯಿಂದಲೇ ಅಂಟಿಸಿದ್ದರಂತೆ. ಅದು ಎಂಥ ಕೆಲಸ ಅಂತ ನನಗೆ ಗೊತ್ತು. ಗಂ ತೆಳುವಾದರೆ ಕಾಗದ ನೀರು ಕುಡಿದು ಸುಕ್ಕಾಗುತ್ತದೆ. ಗಟ್ಟಿಯಾದರೆ ನಡುವೆ ಗಂಟು ನಿಲ್ಲುತ್ತದೆ. ಅಂಟಿಸಿದ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಬೇಕು. ರಟ್ಟನ್ನು ಕ್ರೀಸಿಂಗ್ ಮಾಡದೆ, ಅಂದರೆ ಮಡಿಕೆಯ ಗೆರೆ ಮೊದಲೇ ಒತ್ತದೆ, ಮಡಚಿದರೆ ಮಡಿಕೆಯಲ್ಲಿ ಬಿರುಕು ಬಿಟ್ಟು ಒಳಗಿನ ಬಿಳಿ ಕಾಣುತ್ತದೆ. ಕೆಲವು ನೂರು ಅಂದರೆ ಕಡಿಮೆ ಅನಿಸಬಹುದು. ಬೆರಳಿಗೆ ಗಂ ಮೆತ್ತಿಕೊಂಡು ಕೂತವರಿಗೆ ಅದು ಕಡಿಮೆ ಅಲ್ಲ.

ಲಗ್ನಪತ್ರಿಕೆ ಪ್ರೆಸ್ಸಿನಿಂದ ಮನೆಗೆ ಹೋದ ಮೇಲೆ ಹೆಂಗಸರು ಕೂತು ಒಂದೊಂದರ ಮೂಲೆಗೂ ಅರಿಶಿನ ಹಚ್ಚುತ್ತಾರಲ್ವಾ? ನಾವು ಅಚ್ಚು ಹಾಕಿದ್ದು ಬರೀ ಕಾರ್ಡು. ಅರಿಶಿನ ಬಿದ್ದ ಮೇಲೇ ಅದು ಕರೆಯೋಲೆ. ಈ ಪೆನ್ನಿಯೂ ನನಗೆ ಹಾಗೇ ಕಂಡಿತು. ಫೋನಿನಲ್ಲಿ ನಾನು ಕೇಳಿದ್ದೂ ಇದೇ ಸಂಗೀತ. ಆದರೆ ಇದರ ಒಂದೊಂದು ಪ್ರತಿಯನ್ನೂ ಯಾರೋ ಮುಟ್ಟಿ ಕಳಿಸಿದ್ದಾರೆ.

ಕೇಳುವುದಕ್ಕೆ ಪ್ಲೇಯರ್ ಬೇಕಲ್ಲ. ಕೌಲ್ ಬಜಾರಿನಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಒಬ್ಬ ಚಾಚಾ ಇದ್ದಾರೆ. ಮದುವೆ ಮನೆಗಳಲ್ಲಿ ಪ್ಲೇಟು ಹಾಕುತ್ತಿದ್ದ ಕಾಲದ ಮಷೀನು ಇವತ್ತಿಗೂ ಅವರ ಹತ್ತಿರ ಓಡುತ್ತದೆ. ಅವರು ಪ್ಲೇಟನ್ನು ಎರಡೂ ಅಂಗೈಗಳ ನಡುವೆ ಅಂಚಿನಲ್ಲೇ ಹಿಡಿದು, ಒರೆಸಿ, ಮುಳ್ಳು ಇಳಿಸಿದರು. ಮೊದಲು ಒಂದೇ ಶ್ರುತಿ, ಅದರ ಮೇಲೆ ಗಂಡಸೊಬ್ಬನ ದಪ್ಪ ದನಿಯ ಮಾತು. ಆಮೇಲೆ ಪಿಟೀಲು, ಚೆಲ್ಲೋ, ಗಿಟಾರ್ ಒಂದೊಂದಾಗಿ ಸೇರುತ್ತವೆ. ಎರಡೂ ಬದಿಯಲ್ಲಿ ಉದ್ದುದ್ದ ಸಂಗೀತ, ನಡುವೆ ಅವಸರವೇ ಇಲ್ಲ. ಒಂದು ಕಡೆ ಬೀದಿಯಲ್ಲಿ ಕೂಗಿ ಬೋಧನೆ ಮಾಡುವವನ ದನಿ ಬರುತ್ತದೆ. ಚಾಚಾಗೆ ಭಾಷೆ ತಿಳಿಯದಿದ್ದರೂ "ಇವನು ಸಂತೆಯಲ್ಲಿ ನಿಂತಿದಾನೆ ಕಣೋ" ಅಂದರು.

ಎರಡನೇ ಬದಿಯ ಕೊನೆಗೆ ಸಂಗೀತ ಮುಗಿಯಲೇ ಇಲ್ಲ. ಅದೇ ಒಂದು ತುಣುಕು ಸುತ್ತಿ ಸುತ್ತಿ ಬರತೊಡಗಿತು. ಚಾಚಾ ತಟ್ಟನೆ ಎದ್ದರು. "ಮುಳ್ಳು ಸಿಕ್ಕಾಕ್ಕೊಂಡಿತು, ಪ್ಲೇಟು ಹಾಳಾಗುತ್ತೆ."

"ಇಲ್ಲ ಚಾಚಾ, ಬೇಕಂತಲೇ ಹಾಗೆ ಮಾಡಿದಾರೆ. ಕೊನೇ ಗೆರೆಯನ್ನ ಒಳಕ್ಕೆ ಬಿಡದೆ ಉಂಗುರದ ಹಾಗೆ ಮುಚ್ಚಿದಾರೆ. ನಾವು ಎತ್ತೋ ತನಕ ಹಾಡುತ್ತೆ."

ಅವರು ಬಗ್ಗಿ, ಕನ್ನಡಕ ಮೇಲೆ ಮಾಡಿಕೊಂಡು, ಮುಳ್ಳು ಒಂದೇ ಜಾಗದಲ್ಲಿ ನಿಂತು ಓಡುವುದನ್ನು ತುಂಬಾ ಹೊತ್ತು ನೋಡಿದರು. ಹೆಸರಿನಲ್ಲಿರುವ ಆ ಇನ್ಫಿನಿಟಿ ಚಿಹ್ನೆ ಇದೇ. ಸೀಡಿಯಲ್ಲಿ ಇದು ಆಗುವ ಮಾತಲ್ಲ. "ಎಷ್ಟು ಹೊತ್ತು ಬಿಡ್ತೀಯೋ?" ಅಂದರು ಚಾಚಾ. ಮಧ್ಯಾಹ್ನದ ಊಟಕ್ಕೆ ಕರೆ ಬರುವ ತನಕ ಬಿಟ್ಟೆವು.

ಬಳ್ಳಾರಿ, ಸಂಡೂರು, ಹೊಸಪೇಟೆ ಕಡೆ ಮನೆಯಲ್ಲೇ ಕೂತು ಸ್ವಂತ ಹಾಡು, ಸಂಗೀತ ರೆಕಾರ್ಡ್ ಮಾಡುವ ಹುಡುಗ ಹುಡುಗಿಯರು ಇದ್ದಾರೆ. ನನಗೇ ಕೆಲವರು ಗೊತ್ತು. ಎಲ್ಲರೂ ಫೋನಿಗೆ ಹಾಕಿ ಬಿಟ್ಟುಬಿಡುತ್ತಾರೆ. ಸೀಡಿಯೋ ಪೆನ್‌ಡ್ರೈವೋ ಯಾವುದರಲ್ಲಾದರೂ ಸರಿ, ಐವತ್ತೇ ಪ್ರತಿ ಮಾಡುವ ಮನಸ್ಸಿದ್ದರೆ ನಮ್ಮ ಅಂಗಡಿಗೆ ಬನ್ನಿ. ರಟ್ಟು, ಶಾಯಿಯ ದುಡ್ಡು ಕೊಡಿ ಸಾಕು, ಕೂಲಿ ಬೇಡ. ಮದುವೆ ಸೀಸನ್ ಮುಗಿದ ಮೇಲೆ ಬಂದರೆ ಒಳ್ಳೆಯದು, ಆಗ ಟೇಬಲ್ ಖಾಲಿ ಇರುತ್ತದೆ. ಮಡಚುವುದು, ಅಂಟಿಸುವುದು ಮಾತ್ರ ನೀವೇ ಕೂತು ಮಾಡಬೇಕು. ಹೇಗೆ ಅಂತ ನಾನು ತೋರಿಸಿಕೊಡುತ್ತೇನೆ.