ಸರ್ವಿಸ್ ಆದ ಮೇಲೆ ಮೈಲೇಜ್: ಮೂರು ಟ್ಯಾಂಕ್‌ಗಳ ಲೆಕ್ಕ

ಸರ್ವಿಸ್‌ಗೆ ಬಿಡುವ ಮುಂಚೆ ನನ್ನ ಹೈಬ್ರಿಡ್ ಕಾರು (ಪೆಟ್ರೋಲ್ ಎಂಜಿನ್ ಜೊತೆ ಬ್ಯಾಟರಿ, ಮೋಟಾರೂ ಇರುವಂಥದ್ದು) ಲೀಟರಿಗೆ 23 ಕಿ.ಮೀ. ಕೊಡುತ್ತಿತ್ತು. ಹಿಂದಿನ ಐದು ಟ್ಯಾಂಕ್‌ಗಳ ಸರಾಸರಿ ಇದು. ವಾಪಸ್ ತಂದ ದಿನ ಡ್ಯಾಶ್‌ಬೋರ್ಡ್ ತೋರಿಸಿದ್ದು 18.6. ಎದೆ ಧಸಕ್ ಅಂತು.

ಆಮೇಲೆ ನೋಡಿದರೆ ಗಡಿಯಾರವೂ ತಪ್ಪು ಸಮಯ ತೋರಿಸುತ್ತಿತ್ತು, ಟ್ರಿಪ್ ಮೀಟರ್ ಸೊನ್ನೆಯಾಗಿತ್ತು. ಅಂದರೆ 12 ವೋಲ್ಟ್ ಬ್ಯಾಟರಿಯ ವೈರ್ ಬಿಚ್ಚಿದ್ದಾರೆ. ಸರಾಸರಿ ಮೊದಲಿಂದ ಶುರು. ತಣ್ಣಗಿರುವ ಎಂಜಿನ್ ಬಿಸಿಯಾಗಲು ಕುಡಿಯುವ ಪೆಟ್ರೋಲೇ ಆ ಮೊದಲ ಕೆಲವು ಕಿ.ಮೀ.ಗಳಲ್ಲಿ ಜಾಸ್ತಿ, ಅಲ್ವಾ? ಹಾಗಾಗಿ ಆ ಅಂಕಿಯನ್ನು ನಂಬಲಿಲ್ಲ. ಟ್ಯಾಂಕ್ ತುಂಬಿಸಿ, ಪಂಪ್ ತಾನಾಗೇ ಕಟ್ ಆದ ತಕ್ಷಣ ನಿಲ್ಲಿಸಿ, ಲೆಕ್ಕ ಶುರು ಮಾಡಿದೆ.

ಮೊದಲ ಟ್ಯಾಂಕ್: 612 ಕಿ.ಮೀ., 30.4 ಲೀಟರ್. 20.1 ಬಂತು. ಅದೇ ದಾರಿ, ಅದೇ ಪಂಪ್, ಹವಾಮಾನವೂ ಹೆಚ್ಚುಕಮ್ಮಿ ಹಾಗೇ. ಡ್ಯಾಶ್‌ಬೋರ್ಡ್ 21 ಅಂತಿತ್ತು. ಅದು ಮೊದಲಿಂದಲೂ ಒಂದು ಜಾಸ್ತಿಯೇ ಹೇಳುತ್ತದೆ. ಅಂತೂ ಮೈಲೇಜ್ ಬಿದ್ದಿರುವುದು ನಿಜ.

ಎಂಜಿನ್ ಆಯಿಲ್ ಮಟ್ಟ ಸರಿಯಿತ್ತು, ಗ್ರೇಡೂ ಮ್ಯಾನುಯಲ್‌ನಲ್ಲಿ ಹೇಳಿದ್ದೇ. ಹಿಂದಿನ ಸೀಟಿನ ಕೆಳಗಿರುವ ಹೈಬ್ರಿಡ್ ಬ್ಯಾಟರಿ ಫ್ಯಾನಿನ ಫಿಲ್ಟರ್ ಶುಭ್ರವಾಗಿತ್ತು. ಬೆಳಿಗ್ಗೆ ಕಾರು ತೆಗೆಯುವ ಮುಂಚೆ ಟೈರ್ ಗಾಳಿ ನೋಡಿದೆ: 31, 31, 32, 31. ಇರಬೇಕಾದ್ದು 35 ಪಿಎಸ್ಐ. ಓಡಿ ಬಿಸಿಯಾದ ಟೈರಿಗೆ 35 ತುಂಬಿಸಿದ್ದಾರೆ ಅನ್ನಿಸುತ್ತೆ. ತಣ್ಣಗಾದ ಮೇಲೆ ಇಳಿದಿದೆ.

ಗಾಳಿ ತುಂಬಿಸಿ ಎರಡನೇ ಟ್ಯಾಂಕ್: 598 ಕಿ.ಮೀ., 29.4 ಲೀಟರ್. 20.3. ನಾಲ್ಕು ಪಿಎಸ್ಐ ಕಡಿಮೆಯಾದರೆ ಮೈಲೇಜ್ ಸುಮಾರು ಶೇಕಡ 1ರಷ್ಟು ಇಳಿಯಬಹುದು, ಅಷ್ಟೇ. ನನ್ನದು ಶೇಕಡ 12 ಇಳಿದಿತ್ತು. ಬೇರೆ ಏನೋ ಇದೆ ಅಂತ ಆಗಲೇ ಗಟ್ಟಿಯಾಯಿತು.

ಸುಳಿವು ಸಿಕ್ಕಿದ್ದು ಮನೆ ಮುಂದಿನ ಸಣ್ಣ ಇಳಿಜಾರಿನಲ್ಲಿ. ಮುಂಚೆ ಅಲ್ಲಿ ನ್ಯೂಟ್ರಲ್‌ಗೆ ಹಾಕಿ ಬ್ರೇಕ್ ಬಿಟ್ಟರೆ ಕಾರು ತಾನಾಗೇ ಉರುಳುತ್ತಿತ್ತು. ಈಗ ಅಲ್ಲಾಡಲೇ ಇಲ್ಲ. ಅಂದರೆ ಯಾವುದೋ ಚಕ್ರದ ಬ್ರೇಕ್ ಬಿಡದೆ ಹಿಡಿದೇ ಇದೆ. ಓಡಿಸುವಾಗ ಇದು ಗೊತ್ತಾಗಿರಲಿಲ್ಲ. ಹೈಬ್ರಿಡ್‌ನಲ್ಲಿ ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಮೋಟಾರೇ ಜನರೇಟರ್ ಆಗಿ ಕಾರನ್ನು ಹಿಡಿಯುತ್ತದಲ್ಲ, ಬ್ರೇಕಿನ ಹಿಡಿತ ಅದರ ಮರೆಯಲ್ಲಿ ಅಡಗಿಬಿಡುತ್ತದೆ.

ಇಪ್ಪತ್ತು ಕಿ.ಮೀ. ಓಡಿಸಿ ಬಂದು, ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಂಭಾಗ ಹಿಡಿದೆ. ಮುಟ್ಟಲಿಲ್ಲ, ಸುಟ್ಟೀತು. ಮೂರು ಚಕ್ರ ಉಗುರು ಬೆಚ್ಚಗೆ. ಹಿಂದಿನ ಎಡ ಚಕ್ರದ ಹತ್ತಿರ ಕೈ ಇಡಲಾಗಲಿಲ್ಲ, ಒಲೆಯ ಮುಂದೆ ಕೂತ ಹಾಗೆ ಕಾವು. ಜೊತೆಗೆ ಬ್ರೇಕ್ ಪ್ಯಾಡಿನ ಸುಟ್ಟ ವಾಸನೆ.

ಬಿಲ್ಲಿನಲ್ಲಿ 'ಬ್ರೇಕ್ ಕ್ಲೀನಿಂಗ್' ಅಂತ ಬರೆದಿತ್ತು. ವಾಪಸ್ ಹೋಗಿ, ನನ್ನ ಎದುರೇ ಬಿಚ್ಚಿ ಅಂತ ಕೇಳಿಕೊಂಡೆ. ಬ್ರೇಕ್ ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜರುಗುವುದು ಸ್ಲೈಡ್ ಪಿನ್‌ಗಳ ಮೇಲೆ; ಅದರಲ್ಲಿ ಒಂದು ಪಿನ್ ಗ್ರೀಸ್ ಇಲ್ಲದೆ ಒಣಗಿ ಬಿಗಿದುಕೊಂಡಿತ್ತು. ಬೆರಳಲ್ಲಿ ತಳ್ಳಿದರೂ ಜರುಗದು. ಒಳಗಿನ ಪ್ಯಾಡ್ ಕನ್ನಡಿಯಂತೆ ಹೊಳೆಯುತ್ತಿತ್ತು. ಹೈಬ್ರಿಡ್‌ನಲ್ಲಿ ಪ್ಯಾಡುಗಳಿಗೆ ಕೆಲಸ ಕಡಿಮೆ, ಹೆಚ್ಚು ಜರುಗದ ಪಿನ್ ಹೀಗೆ ಬಿಗಿದುಕೊಳ್ಳಬಹುದು, ಅದಕ್ಕೇ ಈ ಪಿನ್‌ಗಳನ್ನು ಪ್ರತಿ ಸರ್ವಿಸ್‌ನಲ್ಲೂ ನೋಡಲೇಬೇಕು. ಪಿನ್ ತೊಳೆದು, ಗ್ರೀಸ್ ಹಚ್ಚಿ, ಹಿಂದಿನ ಪ್ಯಾಡುಗಳನ್ನು ಎರಡೂ ಕಡೆ ಬದಲಿಸಿದರು.

ಮೂರನೇ ಟ್ಯಾಂಕ್ ನಿನ್ನೆ ಮುಗಿಯಿತು. 671 ಕಿ.ಮೀ., 29.3 ಲೀಟರ್. 22.9! ಇಳಿಜಾರಿನಲ್ಲಿ ಕಾರು ಮತ್ತೆ ತಾನಾಗೇ ಉರುಳುತ್ತಿದೆ. ಇನ್ನೆರಡು ಟ್ಯಾಂಕ್ ಬರೆದಿಡುತ್ತೇನೆ. ಚಕ್ರದ ಕಾವನ್ನೂ ವಾರಕ್ಕೊಮ್ಮೆ ನೋಡುತ್ತೇನೆ.