ಪಟ್ಟಿ ಹಾಕಬೇಕಾದ್ದು ಚೆನ್ನಾಗಿರುವ ಕಣ್ಣಿಗೆ

"ಮೆಳ್ಳಗಣ್ಣು ಅದೃಷ್ಟ ಬಿಡಿ", "ದೊಡ್ಡವನಾಗ್ತಾ ತಾನೇ ಸರಿಹೋಗುತ್ತೆ" ಅನ್ನೋ ಮಾತುಗಳು ನಮ್ಮಲ್ಲಿ ಇನ್ನೂ ನಿಂತಿಲ್ಲ. ಇದನ್ನು ನಂಬಿ ಕೂತರೆ ಮಗುವಿನ ಒಂದು ಕಣ್ಣಿನ ದೃಷ್ಟಿ ಸದ್ದಿಲ್ಲದೆ ಕುಗ್ಗುತ್ತಾ ಹೋಗಬಹುದು. ಎರಡು ಕಣ್ಣು ಎರಡು ದಿಕ್ಕಿಗೆ ನೋಡಿದರೆ ಎಲ್ಲವೂ ಎರಡೆರಡಾಗಿ ಕಾಣಬೇಕು. ಆ ಗೊಂದಲ ತಪ್ಪಿಸಿಕೊಳ್ಳಲು ಮಗುವಿನ ಮೆದುಳು ವಾರೆಯಾದ ಕಣ್ಣಿನ ಚಿತ್ರವನ್ನು ಕೈಬಿಡುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಆ ಕಣ್ಣು ನೋಡುವುದನ್ನೇ ಕಲಿಯುವುದಿಲ್ಲ. ಡಾಕ್ಟರು ಇದನ್ನು ಆಂಬ್ಲಿಯೋಪಿಯಾ ಅಥವಾ ಲೇಜಿ ಐ ಅಂತ ಬರೆಯುತ್ತಾರೆ. 'ಸೋಮಾರಿ ಕಣ್ಣು' ಎಂಬ ಹೆಸರನ್ನು ದಯವಿಟ್ಟು ಮಗುವಿನ ಎದುರು ಆಡಬೇಡಿ. ಏಳು ವರ್ಷದೊಳಗೆ ಚಿಕಿತ್ಸೆ ಶುರುವಾದರೆ ಫಲ ಹೆಚ್ಚು. ಹಾಗಂತ ಹತ್ತು-ಹನ್ನೆರಡು ವರ್ಷದ ಮಗುವನ್ನು "ಕಾಲ ಮಿಂಚಿತು" ಅಂತ ಮನೆಯಲ್ಲೇ ಕೂರಿಸುವುದೂ ತಪ್ಪು. ಆ ವಯಸ್ಸಿನಲ್ಲೂ ಎಷ್ಟೋ ಮಕ್ಕಳಿಗೆ ದೃಷ್ಟಿ ಸುಧಾರಿಸುತ್ತದೆ.

ಹುಟ್ಟಿದ ಮೂರು-ನಾಲ್ಕು ತಿಂಗಳು ಕಣ್ಣು ಆಗಾಗ ಅತ್ತಿತ್ತ ಹೊರಳುವುದು ಸಹಜ. ಅದಾದ ಮೇಲೂ ಹೊರಳಿದರೆ ತೋರಿಸಿ. ಮೂಗಿನ ಬುಡ ಅಗಲವಾಗಿರುವ ಕೂಸುಗಳಲ್ಲಿ ಕಣ್ಣು ನೇರವಾಗಿದ್ದರೂ ವಾರೆಯಾದಂತೆ ಕಾಣುತ್ತದೆ. ಮನೆಯಲ್ಲೇ ಒಮ್ಮೆ ನೋಡಬೇಕೆಂದರೆ ಒಂದೂವರೆ ಅಡಿ ದೂರದಿಂದ ಸಣ್ಣ ಟಾರ್ಚ್ ಬೆಳಕು ಬಿಟ್ಟು, ಮಗು ಅದನ್ನೇ ನೋಡುವಾಗ ಎರಡೂ ಕಪ್ಪು ಗುಡ್ಡೆಗಳ ಮೇಲಿನ ಬೆಳಕಿನ ಚುಕ್ಕಿ ಗಮನಿಸಿ. ಎರಡರಲ್ಲೂ ಒಂದೇ ಜಾಗದಲ್ಲಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಒಂದರಲ್ಲಿ ಚುಕ್ಕಿ ಕಿವಿಯ ಕಡೆ ಸರಿದಿದ್ದರೆ ಆ ಕಣ್ಣು ಒಳಗೆ ತಿರುಗಿದೆ ಎಂದರ್ಥ. ಆದರೆ ಆಗಾಗ ಮಾತ್ರ ಹೊರಳುವ ಮೆಳ್ಳ ಈ ಪರೀಕ್ಷೆಗೆ ಸಿಗದೇ ಹೋಗಬಹುದು. ಬಿಸಿಲಿಗೆ ಬಂದ ಕೂಡಲೇ ಒಂದು ಕಣ್ಣು ಮುಚ್ಚುವುದು, ಜ್ವರ ಬಂದಾಗಲೋ ನಿದ್ದೆ ಬರುವಾಗಲೋ ಕಣ್ಣು ಹೊರಗೆ ಜಾರುವುದು ಅದರ ಗುರುತು. ಫ್ಲ್ಯಾಶ್ ಫೋಟೋದಲ್ಲಿ ಪಾಪೆ ಬೆಳ್ಳಗೆ ಹೊಳೆದರೆ ಮಾತ್ರ ಒಂದು ದಿನವೂ ಕಾಯಬೇಡಿ. ಅದು ಕಣ್ಣಿನೊಳಗಿನ ಗಡ್ಡೆಯ ಗುರುತಾಗಿರಬಹುದು, ಅಂಥ ಗಡ್ಡೆಯಿಂದಲೂ ಮೆಳ್ಳ ಬರುತ್ತದೆ.

ಎರಡು-ಮೂರು ವರ್ಷಕ್ಕೆ ಕಣ್ಣು ಒಳಗೆ ತಿರುಗಲು ಶುರುವಾದರೆ ಬಹಳ ಸಲ ಅದಕ್ಕೆ ಕಾರಣ ಪ್ಲಸ್ ಪವರ್, ಅಂದರೆ ದೂರದೃಷ್ಟಿ ದೋಷ. ಸ್ಪಷ್ಟವಾಗಿ ಕಾಣಲು ಮಗು ಕಣ್ಣಿನೊಳಗಿನ ಸ್ನಾಯು ಬಿಗಿಹಿಡಿಯುತ್ತದೆ, ಆ ಬಿಗಿತದ ಜೊತೆಗೇ ಕಣ್ಣುಗಳು ಮೂಗಿನ ಕಡೆ ಸೇರುತ್ತವೆ. ಕನ್ನಡಕ ಆ ಕೆಲಸವನ್ನು ತಾನು ಹೊತ್ತುಕೊಂಡರೆ ಎಷ್ಟೋ ಮಕ್ಕಳ ಕಣ್ಣು ಆಪರೇಷನ್ ಇಲ್ಲದೆ ನೇರವಾಗುತ್ತದೆ. ಇದಕ್ಕೆ ಆ ಸ್ನಾಯುವನ್ನು ಸಡಿಲಿಸುವ ಡ್ರಾಪ್ಸ್ ಹಾಕಿಯೇ ಪವರ್ ನೋಡಿಸಬೇಕು. ಡ್ರಾಪ್ಸ್ ಇಲ್ಲದೆ, ಅಂಗಡಿಯ ಕಂಪ್ಯೂಟರ್ ಚೆಕಪ್‌ನಲ್ಲಿ ಪ್ಲಸ್ ಪವರ್ ಕಡಿಮೆ ಬರುತ್ತದೆ, ಯಾಕೆಂದರೆ ಮಗು ಅಲ್ಲೂ ಸ್ನಾಯು ಬಿಗಿಹಿಡಿದೇ ನೋಡುತ್ತದೆ. ಕನ್ನಡಕ ಎದ್ದಾಗಿನಿಂದ ಮಲಗುವವರೆಗೆ ಮುಖದ ಮೇಲಿರಬೇಕು, ಮದುವೆ ಮನೆಯ ಫೋಟೋಗೂ ತೆಗೆಯಬಾರದು. "ಕನ್ನಡಕ ಹಾಕಿಸಿದ ಮೇಲೆ ಮೆಳ್ಳ ಜಾಸ್ತಿಯಾಯಿತು" ಅಂತ ಗಾಬರಿಯಾಗುವವರಿದ್ದಾರೆ. ಹಾಕಿದಾಗ ನೇರವಾಗಿರುವ ಕಣ್ಣು ತೆಗೆದಾಗ ಒಳಗೆ ಹೋಗುವುದರಿಂದ ಹಾಗನ್ನಿಸುತ್ತದೆ. ಕನ್ನಡಕ ಕೆಲಸ ಮಾಡುತ್ತಿದೆ ಎಂಬುದಕ್ಕೇ ಅದು ಸಾಕ್ಷಿ. ಫ್ರೇಮ್ ಮೂಗಿನಿಂದ ಜಾರಿದರೆ ಮಗು ಮೇಲಿನಿಂದ ಇಣುಕುತ್ತದೆ, ಆಗ ಪೂರಾ ದುಡ್ಡು ದಂಡ. ಹಿಂದಕ್ಕೊಂದು ಎಲಾಸ್ಟಿಕ್ ಕಟ್ಟಿಸಿ. ಲೆನ್ಸ್ ಪಾಲಿಕಾರ್ಬೋನೇಟ್ ಇರಲಿ, ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ.

ಕುಗ್ಗಿದ ದೃಷ್ಟಿಗೆ ಒಂದು ಕಣ್ಣು ಮುಚ್ಚಲು ಅಂಟಿಸುವ ಪಟ್ಟಿಯ (ಐ ಪ್ಯಾಚ್) ವಿಚಾರದಲ್ಲೇ ಎಡವುವುದು ಹೆಚ್ಚು. ವಾರೆ ಕಣ್ಣನ್ನು ಮುಚ್ಚುವವರಿದ್ದಾರೆ! ಮುಚ್ಚಬೇಕಾದ್ದು ಚೆನ್ನಾಗಿ ಕಾಣುವ ಕಣ್ಣನ್ನು. ಆಗಷ್ಟೇ ಮೆದುಳು ಇನ್ನೊಂದನ್ನು ಬಳಸುತ್ತದೆ. ದೃಷ್ಟಿ ಸಾಧಾರಣ ಕಡಿಮೆಯಿದ್ದರೆ ದಿನಕ್ಕೆ 2 ಗಂಟೆ, ತೀರಾ ಕಡಿಮೆಯಿದ್ದರೆ 6 ಗಂಟೆ ಹೇಳುವುದು ರೂಢಿ. ನಿಮ್ಮ ಮಗುವಿನ ಲೆಕ್ಕ ಡಾಕ್ಟರೇ ಹೇಳಬೇಕು. ಪಟ್ಟಿಯನ್ನು ಚರ್ಮಕ್ಕೇ ಅಂಟಿಸಿ, ಅದರ ಮೇಲೆ ಕನ್ನಡಕ ಹಾಕಿ. ಕನ್ನಡಕದ ಗಾಜಿಗೆ ಅಂಟಿಸಿದರೆ ಮಗು ಮೂಗಿನ ಪಕ್ಕದ ಸಂದಿಯಿಂದ ಒಳ್ಳೆ ಕಣ್ಣಲ್ಲೇ ನೋಡಿಬಿಡುತ್ತದೆ. ಕೀಳುವಾಗ ಅಂಚಿಗೆ ಬೆಚ್ಚಗಿನ ನೀರು ಒತ್ತಿ, ನಿಧಾನವಾಗಿ ಕಿವಿಯ ಕಡೆಯಿಂದ ಮೂಗಿನ ಕಡೆಗೆ ಬಿಡಿಸಿ. ರಾತ್ರಿ ಆ ಜಾಗಕ್ಕೆ ಚೂರು ಕೊಬ್ಬರಿ ಎಣ್ಣೆ ಸವರಬಹುದು, ಆದರೆ ಬೆಳಿಗ್ಗೆ ಸೋಪು ಹಚ್ಚಿ ತೊಳೆದು ಒರೆಸದಿದ್ದರೆ ಪಟ್ಟಿ ನಿಲ್ಲುವುದಿಲ್ಲ.

ಮೊದಲ ವಾರ ಮಗು ಅಳುತ್ತದೆ, ಕಿತ್ತೆಸೆಯುತ್ತದೆ. ಪಾಪ, ಅದಕ್ಕೆ ನಿಜಕ್ಕೂ ಕಾಣುವುದಿಲ್ಲ. ಅರ್ಧ ಗಂಟೆಯಿಂದ ಶುರುಮಾಡಿ, ಮೆಟ್ಟಿಲ ಹತ್ತಿರ ಒಂಟಿಯಾಗಿ ಬಿಡಬೇಡಿ. ಆ ಹೊತ್ತಿಗೆ ಕೈಗೆ ಸಣ್ಣ ಕೆಲಸ ಕೊಡಿ: ಮೊರದಲ್ಲಿ ಹರಡಿದ ಅಕ್ಕಿಯಿಂದ ಕಲ್ಲು ಆರಿಸುವುದು, ಮಣಿ ಪೋಣಿಸುವುದು, ಚುಕ್ಕಿ ಸೇರಿಸಿ ರಂಗೋಲಿ ಹಾಕುವುದು. ಕಾಳು ಬಾಯಿಗೋ ಮೂಗಿಗೋ ಹಾಕಿಕೊಳ್ಳುವ ವಯಸ್ಸಾದರೆ ಚಿತ್ರಕ್ಕೆ ಬಣ್ಣ ತುಂಬುವುದೇ ಸಾಕು. ಪಟ್ಟಿ ಹಾಕಿಕೊಂಡು ನಿದ್ದೆ ಮಾಡಿದ ಹೊತ್ತು ಲೆಕ್ಕಕ್ಕಿಲ್ಲ.

ಪಟ್ಟಿಗೆ ಒಗ್ಗದ ಮಕ್ಕಳಿಗೆ ಒಳ್ಳೆ ಕಣ್ಣಿಗೆ ಅಟ್ರೋಪಿನ್ 1% ಹನಿ ಬರೆಯುತ್ತಾರೆ, ಅದು ಆ ಕಣ್ಣನ್ನು ಹತ್ತಿರಕ್ಕೆ ಮಂಜು ಮಾಡುತ್ತದೆ. ಹನಿ ಹಾಕಿದೊಡನೆ ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನು ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಮುಖ ಕೆಂಪಾಗಿ ಮೈ ಸುಟ್ಟರೆ ನಿಲ್ಲಿಸಿ ಡಾಕ್ಟರಿಗೆ ಹೇಳಿ. ಬಾಟಲಿ ಮಕ್ಕಳ ಕೈಗೆ ಸಿಗದ ಕಡೆ ಇರಲಿ, ಕುಡಿದರೆ ವಿಷ.

ಹೇಳಿದ ದಿನ ಚೆಕಪ್ ತಪ್ಪಿಸಬೇಡಿ. ಪಟ್ಟಿ ಅತಿಯಾದರೆ ಮುಚ್ಚಿದ ಕಣ್ಣಿನ ದೃಷ್ಟಿಯೇ ಇಳಿಯಬಹುದು. ದೃಷ್ಟಿ ಬಂತೆಂದು ಒಮ್ಮೆಲೇ ನಿಲ್ಲಿಸುವುದೂ ಅಪಾಯ. ಚಿಕಿತ್ಸೆ ನಿಂತ ವರ್ಷದೊಳಗೆ ಸುಮಾರು ಕಾಲು ಭಾಗ ಮಕ್ಕಳಲ್ಲಿ ಅದು ಮತ್ತೆ ಕುಗ್ಗುತ್ತದೆ. ಹೊತ್ತನ್ನು ಹಂತಹಂತವಾಗಿ ಇಳಿಸಬೇಕು.

ಆಪರೇಷನ್‌ನಲ್ಲಿ ಕಣ್ಣುಗುಡ್ಡೆ ಹೊರಗೆ ತೆಗೆಯುವುದಿಲ್ಲ. ಗುಡ್ಡೆಗೆ ಅಂಟಿದ ಆರು ಸ್ನಾಯುಗಳಲ್ಲಿ ಬೇಕಾದ ಒಂದೆರಡನ್ನು ಬಿಚ್ಚಿ, ಕೆಲವು ಮಿಲಿಮೀಟರ್ ಹಿಂದಕ್ಕೆ ಹೊಲಿಯುತ್ತಾರೆ ಅಥವಾ ಕತ್ತರಿಸಿ ಗಿಡ್ಡ ಮಾಡುತ್ತಾರೆ. ಹೊಲಿಗೆ ತಾನೇ ಕರಗುತ್ತದೆ, ಕೆಂಪು ಇಳಿಯಲು ಎರಡು-ಮೂರು ವಾರ ಬೇಕು, ಅಷ್ಟರವರೆಗೆ ಕೆರೆ, ಈಜುಕೊಳ ಬೇಡ. ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ; ಮೊದಲನೆಯದು ಕೆಟ್ಟಿತೆಂದು ಅದರರ್ಥವಲ್ಲ. ಕಣ್ಣು ನೇರವಾದರೂ ದೃಷ್ಟಿ ತಾನಾಗಿ ಬರುವುದಿಲ್ಲ, ಕನ್ನಡಕ, ಪಟ್ಟಿ ಮುಂದುವರಿಯಬೇಕಾಗಬಹುದು.

ದೊಡ್ಡವರಲ್ಲಿ ದಿಢೀರನೆ ಮೆಳ್ಳ ಬಂದು ಎಲ್ಲ ಎರಡೆರಡಾಗಿ ಕಂಡರೆ ದಾರಿಯೇ ಬೇರೆ. ಶುಗರ್, ಬಿಪಿ ಇದ್ದವರಲ್ಲಿ ನರ ಸೋತು ಹೀಗಾಗುವುದು ಸಾಮಾನ್ಯ. ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ತಾನೇ ಸರಿಹೋಗುತ್ತದೆ. ಆದರೂ ಅದೇ ದಿನ ತೋರಿಸಬೇಕು. ಜೊತೆಗೆ ರೆಪ್ಪೆ ಜೋತು, ಪಾಪೆ ಹಿಗ್ಗಿ, ತಲೆ ಸಿಡಿಯುತ್ತಿದ್ದರೆ ಕಣ್ಣಿನ ಕ್ಲಿನಿಕ್ ಬಿಟ್ಟು ನೇರ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ.

ಮಗುವನ್ನು ಮೊದಲ ಸಲ ತೋರಿಸಲು ಹೋಗುವಾಗ ನಾಮಕರಣದಿಂದ ಇಲ್ಲಿಯವರೆಗಿನ ಫೋಟೋಗಳನ್ನು ತಾರೀಖಿನ ಸಮೇತ ಮೊಬೈಲಿನಲ್ಲಿ ಒಟ್ಟುಮಾಡಿಕೊಳ್ಳಿ. ಮೆಳ್ಳ ಯಾವ ತಿಂಗಳಿಂದ ಶುರುವಾಯಿತು ಅನ್ನೋದು ಎಷ್ಟೋ ಸಲ ಅದರಲ್ಲೇ ಸಿಗುತ್ತದೆ.